ಅತ್ತೆಯ ಕಳ್ಳ ಕರೆಗಳು

ನಮ್ಮ ಅತ್ತೆಯಷ್ಟು ನಿಯತ್ತಿನ ಮೋಸಗಾರ್ತಿ ಇಡೀ ತುಮಕೂರು ರಸ್ತೆಯಲ್ಲಿ ಇನ್ನೊಬ್ಬಳಿರಲಿಲ್ಲ! ವಾರಕ್ಕೆ ಕಡಿಮೆಯೆಂದರೂ ನಾಲ್ಕು ಜನರಿಗೆ ಟೋಪಿ ಹಾಕುತ್ತಿದ್ದಳು. ಒಂದು ದಿನ ಬ್ಯಾಂಕಿನ ಹೆಸರು ಹೇಳಿ, ಇನ್ನೊಂದು ದಿನ ಕರೆಂಟ್ ಆಫೀಸಿನ ಹೆಸರು ಹೇಳಿ, ಒಮ್ಮೆಯಂತೂ ಸಾಕ್ಷಾತ್ ದೆಹಲಿ ಸರ್ಕಾರದ ಹೆಸರು ಹೇಳಿ. ಪೊಲೀಸರಿಗೆ ಮಾತ್ರ ಎಂದೂ ಸಿಕ್ಕಿಬೀಳಲಿಲ್ಲ. ಹೇಗೆ ಸಿಕ್ಕಾಳು? ಮೋಸ ಹೋದವರೇ ಮರುದಿನ ಬೆಳಗ್ಗೆ ಎದ್ದು ಅವಳ ಮನೆಗೆ ಹೋಗಿ, ಜೋಳದ ರೊಟ್ಟಿ ಬಡಿದುಕೊಟ್ಟು, ಕ್ಷಮೆ ಕೇಳಿ ಬರುತ್ತಿದ್ದರು! ಇಂಥ ಕಳ್ಳಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ನಗುವವರು ಈಗಲೇ ನಕ್ಕುಬಿಡಿ. ಮೊದಲೆಲ್ಲ ಈ ಕಥೆಯನ್ನು ನಾನೂ ಆರಂಭದಿಂದ ಕೊನೆಯವರೆಗೆ ನಗುತ್ತಲೇ ಹೇಳುತ್ತಿದ್ದೆ. ಈಗ ಅರ್ಧಕ್ಕೆ ಬರುವಷ್ಟರಲ್ಲಿ ನಗು ನಿಲ್ಲಿಸಿಬಿಡುತ್ತೇನೆ.

ಅತ್ತೆ ಎಂದರೆ ನನ್ನಪ್ಪನ ತಂಗಿ. ಬಾಗಲಕೋಟೆ ಕಡೆಯವಳು. ಓದಿದ್ದು ಮೂರನೆಯ ಇಯತ್ತೆ. ಮದುವೆಯಾಗಿ ಮಾವನ ಹಿಂದೆ ಬೆಂಗಳೂರಿಗೆ ಬಂದವಳು ನಾಗಸಂದ್ರದ ಒಂದು ವಠಾರದಲ್ಲಿ ನೆಲೆಯೂರಿದಳು. ಮೆಟ್ರೋ ನಿಲ್ದಾಣದ ಹಿಂದಿನ ಓಣಿ, ಸಾಲಾಗಿ ಎಂಟು ಮನೆ, ಕೊನೆಯಲ್ಲಿ ಒಂದು ನೀರಿನ ಸಂಪು. ಮಾವ ತೀರಿಕೊಂಡ ಮೇಲೆ ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುತ್ತ ಒಬ್ಬಳೇ ಇದ್ದಳು. ಮಕ್ಕಳಿರಲಿಲ್ಲ. ನಾನು ಆರ್.ಟಿ. ನಗರದ ಒಂದು ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತ. ಭಾನುವಾರಗಳಂದು ಅವಳ ಕೈಯ ಎಣ್ಣೆಗಾಯಿ ಪಲ್ಯ ತಿನ್ನುವ ಏಕೈಕ ಉದ್ದೇಶದಿಂದ ಅತ್ತೆಯ ಯೋಗಕ್ಷೇಮ ವಿಚಾರಿಸಲು ಹೋಗುತ್ತಿದ್ದೆ.

ಅವಳು ಈ ಕಳ್ಳದಾರಿ ಹಿಡಿಯಲು ಕಾರಣ ನಾನೇ ಎಂದು ಒಪ್ಪಿಕೊಳ್ಳಬೇಕು. ನಮ್ಮ ಬ್ಯಾಂಕಿನವರಿಗೆ ಬಡಜನರಲ್ಲಿ ಡಿಜಿಟಲ್ ಆರ್ಥಿಕ ಸಾಕ್ಷರತೆ ಮೂಡಿಸುವ ಉಮೇದು ಬಂತು. ಶಿಬಿರ ಎಲ್ಲಿ ಮಾಡೋಣ ಎಂದಾಗ ನಾನು ಅತ್ತೆಯ ಓಣಿಯ ಅಂಗನವಾಡಿ ತೋರಿಸಿದೆ. ಗೋಡೆಗೆ ಬಿಳಿ ಪಂಚೆ ಕಟ್ಟಿ, ಪ್ರೊಜೆಕ್ಟರ್ ಇಟ್ಟು, ಮುಕ್ಕಾಲು ಗಂಟೆ ಮಾತಾಡಿದೆ. ಉಳಿತಾಯ, ವಿಮೆ, ಚಕ್ರಬಡ್ಡಿ, ಯಾರಿಗೂ ಓಟಿಪಿ ಹೇಳಬೇಡಿ, ಒಂದನ್ನೂ ಬಿಡಲಿಲ್ಲ. ಸುಮಾರು ನಲವತ್ತು ಹೆಂಗಸರು ನೆಲದ ಮೇಲೆ ಕೂತು ಕಣ್ಣು ಮಿಟುಕಿಸದೆ ಕೇಳಿದರು. ನನಗೋ ಎದೆಯುಬ್ಬಿತು. “ಏನಾದ್ರೂ ಪ್ರಶ್ನೆ ಇದ್ಯಾ?” ಎಂದೆ. ಹಿಂದಿನ ಸಾಲಿನಿಂದ ಒಂದು ಕೈ ಎದ್ದಿತು.

“ಸಾರ್, ಸಮೋಸಕ್ಕೆ ಚಟ್ನಿ ತಂದಿಲ್ವಾ?”

ಎಲ್ಲರೂ ಹೋದ ಮೇಲೆ ಅತ್ತೆ ಪಂಚೆ ಮಡಚುತ್ತ ತೀರ್ಪು ಕೊಟ್ಟಳು. “ಛಲೋ ಹೇಳಿದಿ ತಮ್ಮಾ. ಆದ್ರ ದಂಡಿ ಮ್ಯಾಲೆ ನಿಂತು ಈಜು ಹೇಳಿಕೊಟ್ಟಂಗಾತು. ಒಮ್ಮೆ ನೀರಿಗೆ ನೂಕಬೇಕು ಇವರನ್ನ.”

“ಯಾರು ನೂಕ್ತಾರ ಅತ್ತಿ?”

“ನಾ.”

ಅವಳು ತಮಾಷೆ ಮಾಡುತ್ತಿದ್ದಾಳೆಂದು ನಾನು ನಕ್ಕೆ.

ಮೂರನೆಯ ದಿನ ಪಕ್ಕದ ಮನೆಯ ಮಂಜುಳಳಿಗೆ ಫೋನ್ ಬಂತು. ಮಂಜುಳ ಗಾರ್ಮೆಂಟ್ಸಿಗೆ ಹೋಗುವ ಹುಡುಗಿ, ಒಂದು ಕೂಸಿನ ತಾಯಿ. ಆ ಕಡೆಯ ದನಿ ಮೂಗಿನಲ್ಲಿ ಮಾತಾಡಿತು: “ಮೇಡಂ, ಕರೆಂಟ್ ಆಫೀಸಿಂದ ಮಾತಾಡ್ತಿರೋದು. ನಿಮ್ ಬಿಲ್ ಅಪ್‌ಡೇಟ್ ಆಗಿಲ್ಲ, ಇವತ್ತೇ ಫ್ಯೂಸ್ ತೆಗೀತೀವಿ. ಪಿನ್ ಹೇಳಿದ್ರೆ ಇಲ್ಲಿಂದಾನೇ ಸರಿ ಮಾಡ್ತೀವಿ.” ಮಂಜುಳ ಗಾಬರಿಯಾಗಿ ಪಿನ್ ಹೇಳಿದಳು. ಐದು ನಿಮಿಷಕ್ಕೆ ಇನ್ನೊಂದು ಫೋನ್. ಈ ಸಲ ಅತ್ತೆಯ ಸ್ವಂತ ನಂಬರು, ಅತ್ತೆಯ ಸ್ವಂತ ದನಿ. “ಫೇಲ್! ನಾಳಿ ಮುಂಜಾನೆ ಐದಕ್ಕ ರೊಟ್ಟಿ ಬಡಿಯಾಕ ಬಾ. ಬರೂಕಿಂತ ಮೊದ್ಲ ಪಿನ್ ಬದಲಿ ಮಾಡು.”

ಆಮೇಲೆ ನಿಯಮಗಳೇ ಆಗಿಹೋದವು. ಫೇಲಾದವರಿಗೆ ಇಪ್ಪತ್ತು ರೊಟ್ಟಿ ಬಡಿಯುವ ಶಿಕ್ಷೆ. ಪಾಸಾದವರಿಗೆ ಒಂದು ಶೇಂಗಾ ಹೋಳಿಗೆ. ಫಲಿತಾಂಶ ಐದು ನಿಮಿಷದಲ್ಲಿ, ಅತ್ತೆಯ ಸ್ವಂತ ಫೋನಿನಿಂದ. ಪರೀಕ್ಷೆಯ ಕರೆ ಮಾತ್ರ ಯಾವಾಗಲೂ ಬೇರೆ ನಂಬರಿನಿಂದ. ರೊಟ್ಟಿ ಬುಟ್ಟಿ ಹೊತ್ತು ಹೋಗುವಾಗ ಹೂವಿನವಳು, ಮೆಟ್ರೋ ಪಾರ್ಕಿಂಗಿನ ಕಾವಲುಗಾರ, ಎಳನೀರಿನವನು, ಹೀಗೆ ಯಾರು ಸಿಕ್ಕರೂ ಸರಿ, ಎರಡು ರೊಟ್ಟಿ ಕೊಟ್ಟು ಎರಡು ನಿಮಿಷ ಫೋನ್ ಇಸಿದುಕೊಳ್ಳುತ್ತಿದ್ದಳು. ಬಾಯಿಗೆ ಸೆರಗು ಅಡ್ಡ ಹಿಡಿದರೆ ಗಂಡು ದನಿ, ಮೂಗು ಹಿಡಿದರೆ ಆಫೀಸಿನ ದನಿ, ಎರಡರಲ್ಲೂ ಅಚ್ಚ ಬೆಂಗಳೂರಿನ ಮಾತು. ಒಂದು ತಿಂಗಳಲ್ಲಿ ಇಡೀ ವಠಾರದ ಪಿನ್ನುಗಳು ಅತ್ತೆಗೆ ಬಾಯಿಪಾಠ! “ಎಲ್ಲಾರದೂ ಒಂದು ಎರಡು ಮೂರು ನಾಕು. ಇವರ ಮನಿಗೆ ಕಳ್ಳ ಬ್ಯಾರೆ ಬರಬೇಕೇನು?” ಎಂದು ಹಣೆ ಚಚ್ಚಿಕೊಂಡಳು.

ವಠಾರದ ಓನರಮ್ಮ ಅಲ್ಲೇ ಹುಟ್ಟಿ ಬೆಳೆದ ಹಳೇ ಊರಿನವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಈಗ ಬಾಡಿಗೆ ಮನೆ ಬೆಳೆದವರು. ಅವರನ್ನೂ ಅತ್ತೆ ಬಿಡಲಿಲ್ಲ. ಅವರು ನಾಲ್ಕಂಕಿಯ ಪಿನ್ನಿನಲ್ಲಿ ಎರಡು ಹೇಳಿ, ಅನುಮಾನ ಬಂದು ಬಾಯಿ ಮುಚ್ಚಿಕೊಂಡರಂತೆ. “ನಾನು ಎಲ್ಡೇ ಯೋಳಿದ್ದು ಕಣಮ್ಮಾ! ಅರ್ಧ ಪಾಸ್ ಅಂತ ಆಕ್ಕೋ” ಎಂದು ಬಾಡಿಗೆದಾರಳ ಮುಂದೆ ಓನರಮ್ಮ ಗೋಗರೆದರು. ಅತ್ತೆ ಜಗ್ಗಲಿಲ್ಲ.

“ಅರ್ಧಾ ಪಾಸ್ ಅನ್ನೂದು ನಮ್ಮ ಸಾಲ್ಯಾಗ ಇಲ್ರಿ. ನೀವು ಬಾಗಲಾ ಅರ್ಧಾ ತಗದ್ರೂ ಕಳ್ಳ ಪೂರಾ ಒಳಗ ಬರ್ತಾನ.”

ಮುದ್ದೆ ಕಟ್ಟುವ ಕೈಯಲ್ಲಿ ಓನರಮ್ಮ ಅಂದು ಬಡಿದ ಇಪ್ಪತ್ತು ರೊಟ್ಟಿಗಳನ್ನು ಖಾನಾವಳಿಯವರು ವಾಪಸು ಕಳಿಸಿದರು.

ಇನ್ನು ನನ್ನ ಸಂಗತಿ. ನಾನು ಬ್ಯಾಂಕಿನವನು, ಶಿಬಿರ ಮಾಡಿದವನು, ನನ್ನನ್ನು ಯಾರು ಮುಟ್ಟಬಲ್ಲರು? ಒಂದು ಮಧ್ಯಾಹ್ನ ಗಂಭೀರ ಗಂಡುದನಿಯೊಂದು, “ಸಾರ್, ಹೆಡ್ ಆಫೀಸು. ಪ್ರಮೋಷನ್ ಲಿಸ್ಟಲ್ಲಿ ನಿಮ್ ಹೆಸ್ರು ಬಂದಿದೆ, ಕಂಗ್ರಾಟ್ಸ್. ಒಸಿ ಡೀಟೇಲ್ಸ್ ಬೇಕಿತ್ತು” ಅಂದಿತು. ಹನ್ನೊಂದು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತವನಿಗೆ ಇನ್ನೇನು ಬೇಕು? ಹುಟ್ಟಿದ ದಿನ, ಆಧಾರ್, ಖಾತೆ ನಂಬರು, ಕೇಳಿದ್ದನ್ನೂ ಕೊಟ್ಟೆ, ಕೇಳದ ನನ್ನ ರಕ್ತದ ಗುಂಪನ್ನೂ ಕೊಟ್ಟೆ! ಐದು ನಿಮಿಷಕ್ಕೆ ಫಲಿತಾಂಶ ಬಂತು.

“ಏನಪಾ ಮ್ಯಾನೇಜರಾ, ಯಾವಾಗ ಬರ್ತಿ ರೊಟ್ಟಿ ಬಡಿಯಾಕ?”

ಆ ಭಾನುವಾರ ಬೆಳಗಿನ ಐದು ಗಂಟೆಗೆ ಹಿಟ್ಟು ಮೆತ್ತಿದ ಕೈಯಲ್ಲಿ ನಾನು ಕೂತಿದ್ದಾಗ ಅತ್ತೆ ಹೇಳಿದ ಮಾತು ನಮ್ಮ ಬ್ಯಾಂಕಿನ ಯಾವ ಕೈಪಿಡಿಯಲ್ಲೂ ಇಲ್ಲ. “ಕಳ್ಳ ಮೊದ್ಲ ರೊಕ್ಕ ಕೇಳಂಗಿಲ್ಲೋ ತಮ್ಮಾ. ನಿನಗ ಏನ್ ಆಶಾ ಐತಿ, ಯಾರ ಮ್ಯಾಲೆ ಜೀವ ಐತಿ, ಅದನ್ನ ಹಿಡೀತಾನ. ರೊಕ್ಕ ತಾನ ಅದರ ಹಿಂದ ಹೋಗತೈತಿ.”

ದಿನಾ ಸಂಜೆ ಒಲೆ ಆರಿಸಿದ ಮೇಲೆ ವಠಾರದ ಫೋನ್ ಗುಂಪಿಗೆ ಎರಡು ನಿಮಿಷದ ಧ್ವನಿಪಾಠ ಕಳಿಸುತ್ತಿದ್ದಳು. ಗಾಜು ಬಿರಿದ ಹಳೆಯ ಫೋನು. ಅವಳ ದನಿಯ ಹಿಂದೆ ಪಕ್ಕದ ಮನೆಯ ಕುಕ್ಕರಿನ ಸೀಟಿ, ಮೆಟ್ರೋ ಬಂದು ನಿಂತ ಸದ್ದು. “ರೊಕ್ಕ ನಿಮ್ಮ ಕಡೆ ಬರಾಕ ಪಿನ್ ಒತ್ತೂದು ಬ್ಯಾಡ. ಪಿನ್ ಕೇಳಿದ್ರ ರೊಕ್ಕ ಹೊರಗ ಹೊಂಟೈತಿ ಅಂತ ತಿಳ್ಕೋರಿ.” ಓದಲು ಬಾರದ ಹೆಂಗಸರೂ ಅದನ್ನು ಎರಡೆರಡು ಸಲ ಕೇಳುತ್ತಿದ್ದರು. ಮಂಜುಳ ಆ ವರ್ಷವೇ ಒಂದು ನಕಲಿ ಸಾಲದ ಆ್ಯಪಿನಿಂದ ತಪ್ಪಿಸಿಕೊಂಡು, ಕೂಸಿನ ಹೆಸರಿಗೆ ನಮ್ಮ ಬ್ಯಾಂಕಿನಲ್ಲಿ ಖಾತೆ ತೆರೆದಳು. ನನ್ನ ಶಿಬಿರಕ್ಕೆ ಪ್ರಮಾಣಪತ್ರ ಬಂತು. ಅತ್ತೆಯ ಪಾಠಕ್ಕೆ ಯಾರೂ ಏನೂ ಕೊಡಲಿಲ್ಲ, ಅವಳು ಕೇಳಲೂ ಇಲ್ಲ.

ಹೀಗೇ ನಗುನಗುತ್ತ ನಡೆದಿದ್ದರೆ ಎಷ್ಟು ಚೆನ್ನಾಗಿತ್ತು! ಅತ್ತೆ ‘ದೊಡ್ಡ ಪರೀಕ್ಷೆ’ ಇಟ್ಟಳು.

ಮಂಜುಳ ಕೆಲಸದಲ್ಲಿದ್ದಾಗ ಅಪರಿಚಿತ ನಂಬರಿನಿಂದ ಫೋನ್ ಹೋಯಿತು. “ಆಸ್ಪತ್ರೆಯಿಂದ ಮಾತಾಡ್ತಿದೀವಿ. ನಿಮ್ಮೆಜಮಾನ್ರಿಗೆ ಆಕ್ಸಿಡೆಂಟ್ ಆಗಿದೆ. ಆಪರೇಷನ್ ಮಾಡ್ಬೇಕು, ಪಿನ್ ಹೇಳಿ, ತಕ್ಷಣ ದುಡ್ ಕಟ್ಬೇಕು.” ಮಂಜುಳ ಪಿನ್ ಹೇಳಿದ್ದಷ್ಟೇ ಅಲ್ಲ, ಮಷಿನ್ ಬಿಟ್ಟು, ಚಪ್ಪಲಿಯನ್ನೂ ಬಿಟ್ಟು ರಸ್ತೆಗೆ ಓಡಿ ಬಂದುಬಿಟ್ಟಳು. ಐದು ನಿಮಿಷದ ಫಲಿತಾಂಶ ಬರುವಷ್ಟರಲ್ಲಿ ಅವಳು ಅಳುತ್ತಳುತ್ತ ಅರ್ಧ ದಾರಿಯಲ್ಲಿದ್ದಳು.

ಅವತ್ತು ಸಂಜೆ ಸಂಪಿನ ಹತ್ತಿರ ವಠಾರವೆಲ್ಲ ಸೇರಿತು. ಭಾನುವಾರವಾದ್ದರಿಂದ—ಗಾರ್ಮೆಂಟ್ಸಿನಲ್ಲಿ ಅಂದು ಹೆಚ್ಚುವರಿ ಪಾಳಿ—ನಾನೂ ಅಲ್ಲಿದ್ದೆ. ಓನರಮ್ಮ ಸೊಂಟಕ್ಕೆ ಕೈಕೊಟ್ಟು ನಿಂತರು.

“ಏನಮ್ಮಾ, ಇಂಗಾ ಎದ್ರಿಸೋದು? ಎಣ್ಮಗ ಬಸ್ಸಿಗೆ ಗಿಸ್ಸಿಗೆ ಸಿಕ್ಕಿದ್ರೆ ಏನ್ ಗತಿ? ಸಾಕ್ ಮಾಡು ನಿನ್ ಸ್ಕೂಲು!”

ಅತ್ತೆ ಸಂಪಿನ ಮುಚ್ಚಳದ ಮೇಲೆ ಕೂತಳು. ಆಮೇಲೆ, ನನಗೂ ಅದುವರೆಗೆ ಗೊತ್ತಿಲ್ಲದ ಸಂಗತಿಯನ್ನು ಹೇಳಿದಳು.

ಮಾವನ ಕಾರ್ಖಾನೆ ಮುಚ್ಚಿದಾಗ ಒಂದಿಷ್ಟು ದೊಡ್ಡ ಹಣ ಬಂದಿತ್ತು. ರಾಜಾನುಕುಂಟೆಯ ಆಚೆ ಪುಟ್ಟ ಸೈಟೊಂದನ್ನು ನೋಡಿಟ್ಟಿದ್ದರು. ಅತ್ತೆ ಅಲ್ಲಿ ನುಗ್ಗೆ ಗಿಡ ಎಲ್ಲಿ ಹಚ್ಚಬೇಕು ಎಂಬುದನ್ನೂ ನಿರ್ಧರಿಸಿ ಆಗಿತ್ತು. ಅಷ್ಟರಲ್ಲಿ ಒಂದು ಮಧ್ಯಾಹ್ನ ಇಂಥದ್ದೇ ಫೋನ್ ಬಂತು: ನಿಮ್ಮ ಯಜಮಾನರು ರಸ್ತೆಯಲ್ಲಿ ಬಿದ್ದಿದ್ದಾರೆ, ರಕ್ತ ಹೋಗುತ್ತಿದೆ. ಅತ್ತೆ ಕೇಳಿದ್ದನ್ನೆಲ್ಲ ಹೇಳಿದಳು. ಸಂಜೆ ಆರಕ್ಕೆ ಮಾವ ಎಂದಿನಂತೆ ತರಕಾರಿ ಚೀಲ ಹಿಡಿದು ಓಣಿಯಲ್ಲಿ ನಡೆದು ಬಂದರು. ಖಾತೆಯಲ್ಲಿ ಏನೂ ಉಳಿದಿರಲಿಲ್ಲ.

“ಅವರು ಒಂದ ಸಲಾನೂ ಬೈಲಿಲ್ರಿ” ಎಂದಳು ಅತ್ತೆ. “ನಾ ಬದುಕೀನಲ್ಲ, ಬಿಡು ಅಂದ್ರು. ಅರವತ್ತು ದಾಟಿದ ಮ್ಯಾಲೆ ವಾಚಮನ್ ಕೆಲಸಕ್ಕ ಹೋದ್ರು, ಸಾಯೂತನಕಾ ಹೋದ್ರು. ಬೈದಿದ್ರ ನನಗ ಹಗುರ ಆಗ್ತಿತ್ತು. ಅವತ್ತು ಫೋನ್ ಕಟ್ ಮಾಡಿ, ನಾನ ಅವರಿಗೆ ಒಂದು ಫೋನ್ ಹಚ್ಚಿದ್ರ ಮುಗೀತಿತ್ತು. ಒಂದು ಫೋನು! ಹೊಳೀಲಿಲ್ಲ ನನಗ.”

ಮಂಜುಳ ಎದ್ದು ಬಂದು ಅತ್ತೆಯ ಪಕ್ಕದಲ್ಲಿ ಕೂತಳು. ಅತ್ತೆ ಅವಳ ಕೈ ಹಿಡಿದು, ಆ ದಿನದ ಪಾಠವನ್ನು ಫೋನಿಲ್ಲದೆ ಹೇಳಿದಳು. “ಎರಡು ಮಾತು ನೆನಪಿಡ್ರಿ. ಮೊದ್ಲ ಕಟ್ ಮಾಡ್ರಿ. ಆಮ್ಯಾಲೆ ನಿಮ್ಮವರಿಗೆ ನೀವ ಫೋನ್ ಹಚ್ರಿ.”

ಎಲ್ಲರೂ ತಲೆಯಾಡಿಸಿದೆವು. ಅದಾದ ಮೇಲೆ ಅತ್ತೆ ಹೇಳಿಯೇ ದೊಡ್ಡ ಪರೀಕ್ಷೆ ಇಡುತ್ತಿದ್ದಳು: ಈ ತಿಂಗಳಲ್ಲಿ ಯಾವತ್ತೋ ಒಂದು ದಿನ, ಹುಷಾರು! ನಾವೂ ಜಾಣರಾದೆವು. ಆಸ್ಪತ್ರೆ ಎಂಬ ಶಬ್ದ ಬಿದ್ದ ಕೂಡಲೇ ಕಟ್! ಆಮೇಲೆ ಫೋನ್ ಹಚ್ಚುವ ಗೋಜು ಯಾರಿಗೆ ಬೇಕು? ಅದು ಅತ್ತೆಯೇ ಎಂದು ಗೊತ್ತಿತ್ತಲ್ಲ. ಐದು ನಿಮಿಷಕ್ಕೆ ಅವಳೇ ಮಾಡಿ, “ಪಾಸ್!” ಅನ್ನುತ್ತಿದ್ದಳು. ವಠಾರದಲ್ಲಿ ಶೇಂಗಾ ಹೋಳಿಗೆಯ ಸುಗ್ಗಿ. “ಇನ್ ಮ್ಯಾಲೆ ಫೇಲ್ ಆಗಾವರ ಇಲ್ಲಲ್ಲೋ ತಮ್ಮಾ, ರೊಟ್ಟಿ ಎಲ್ಲಾ ನಾನ ಬಡೀಬೇಕು” ಎಂದು ಸುಳ್ಳು ಸುಳ್ಳೇ ಗೊಣಗುತ್ತಿದ್ದಳು.

ಒಂದು ಮಂಗಳವಾರ ಬೆಳಗ್ಗೆ ಹನ್ನೊಂದರ ಸುಮಾರಿಗೆ ನನ್ನ ಫೋನ್ ಬಡಿದುಕೊಂಡಿತು. ಕೌಂಟರಿನ ಮುಂದೆ ಜನ ಸಾಲುಗಟ್ಟಿದ್ದರು. ಗೊತ್ತಿಲ್ಲದ ನಂಬರು.

“ಸಾರ್, ಆಸ್ಪತ್ರೆಯಿಂದ ಮಾತಾಡ್ತಿರೋದು. ನಿಮ್ ಅತ್ತೆ ಮೆಟ್ರೋ ಹತ್ರ ಬಿದ್ಬಿಟ್ಟಿದ್ರು, ಇಲ್ಲಿಗೆ ತಂದಿದಾರೆ. ಬೇಗ ಬರ್ಬೇಕು ನೀವು.”

ದನಿ ಎಳೆಯದಾಗಿತ್ತು. ಈ ಸಲ ಯಾರೋ ಹುಡುಗಿಯನ್ನೇ ಹಿಡಿದಿದ್ದಾಳೆ, ಪರವಾಗಿಲ್ಲ ಅತ್ತೆ ಎಂದುಕೊಂಡೆ. ಜಂಬದಿಂದ ಹೇಳಿದೆ: “ಅತ್ತೆಗೆ ಹೇಳಮ್ಮಾ, ನಾನು ಪಾಸು. ಈ ಸಲ ಎರಡು ಹೋಳಿಗೆ ಬೇಕು ಅಂತ.” ಕಟ್ ಮಾಡಿದೆ. ಮತ್ತೆ ಬಂತು. ಆ ನಂಬರನ್ನೇ ಬ್ಲಾಕ್ ಮಾಡಿದೆ. ಪಕ್ಕದ ಕೌಂಟರಿನವರಿಗೆ ಅತ್ತೆಯ ಕಥೆ ಹೇಳಿ ನಗಿಸಿದೆ ಕೂಡ.

ಐದು ನಿಮಿಷವಾಯಿತು, ಫಲಿತಾಂಶ ಬರಲಿಲ್ಲ. ಖಾನಾವಳಿಯಲ್ಲಿ ಸಿಕ್ಕಿಕೊಂಡಿರಬೇಕು. ಊಟದ ಹೊತ್ತಾಯಿತು, ಬರಲಿಲ್ಲ. ಕೌಂಟರ್ ಮುಚ್ಚಿ ಲೆಕ್ಕ ತಾಳೆ ನೋಡುವಾಗ ನಾಲ್ಕು ಗಂಟೆ. ಆಗ ಹೊಳೆಯಿತು. ಫಲಿತಾಂಶ ಹೇಳದೆ ಅತ್ತೆ ಇಷ್ಟು ಹೊತ್ತು ಎಂದೂ ಇದ್ದವಳಲ್ಲ. ಅವಳ ನಂಬರಿಗೆ ಮಾಡಿದೆ: ಸ್ವಿಚ್ ಆಫ್. ಬ್ಲಾಕ್ ತೆಗೆದು ಬೆಳಗಿನ ನಂಬರಿಗೆ ಮಾಡಿದೆ.

“ಈಗ್ ಮಾಡ್ತಿದೀರಾ?” ಆ ನರ್ಸಮ್ಮನಿಗೆ ಅಳು ಬರುವುದೊಂದೇ ಬಾಕಿ. “ಫೋನ್ ಒಡೆದೋಗಿತ್ತು ಸಾರ್ ಅವರ್ದು. ಚೀಲದಲ್ಲಿ ಒಂದ್ ನೋಟ್ ಬುಕ್ ಇತ್ತು, ಹೆಸ್ರು, ಸಂಬಂಧ, ನಂಬರು ಬರ್ದಿದ್ರು, ಅದ್ರಲ್ಲಿದ್ದ ಎಂಟು ಜನಕ್ಕೂ ನನ್ ಫೋನಿಂದಾನೇ ಮಾಡ್ದೆ. ಒಬ್ರು ಬೈದ್ರು, ಒಬ್ರು ನಕ್ಕುಬಿಟ್ರು. ಎಂಥಾ ಜನ ಸಾರ್ ನೀವು?”

ಎಂಥಾ ಜನ ನಾವು! ಮೊದಲು ಕಟ್ ಮಾಡಿ ಎಂದಿದ್ದಳು, ಮಾಡಿದೆವು. ಆಮೇಲೆ ನಿಮ್ಮವರಿಗೆ ನೀವೇ ಫೋನ್ ಹಚ್ಚಿ ಎಂದಿದ್ದಳು. ಎಂಟು ಜನರಲ್ಲಿ ಒಬ್ಬರು, ಒಬ್ಬರೇ ಒಬ್ಬರು ಅವಳಿಗೆ ಫೋನ್ ಹಚ್ಚಿದ್ದರೆ ಸ್ವಿಚ್ ಆಫ್ ಎಂದಾದರೂ ತಿಳಿಯುತ್ತಿತ್ತು. ಅರ್ಧ ಪಾಠ ಕಲಿತು ಹೋಳಿಗೆ ತಿಂದವರು ನಾವು.

ದಾರಿಯಿಂದಲೇ ವಠಾರಕ್ಕೆ ಫೋನ್ ಮಾಡಿ ನಾನು ಆಸ್ಪತ್ರೆ ತಲುಪುವಷ್ಟರಲ್ಲಿ ಮಂಜುಳ, ಓನರಮ್ಮ ಎಲ್ಲ ಬಂದಿದ್ದರು. ಅತ್ತೆಗೆ ಪಾರ್ಶ್ವವಾಯು ಹೊಡೆದು ಬಲಗಡೆ ಬಿದ್ದುಹೋಗಿತ್ತು. ಬಾಯಿ ಒಂದು ಕಡೆ ವಾಲಿತ್ತು. ಕೈಯ ಗೆರೆಗಳಲ್ಲಿ ಬೆಳಗಿನ ಹಿಟ್ಟು ಇನ್ನೂ ಇತ್ತು. “ನಾವು ಬೆಳಗ್ಗೆನೇ ಬಂದಿದ್ರೆ?” ಎಂದು ನಾನು ಡಾಕ್ಟರನ್ನು ಕೇಳಿದೆ. ಅವರು ನನ್ನ ಮುಖ ನೋಡಿ, “ಹೇಳಕ್ಕಾಗಲ್ಲ” ಎಂದರು. ಆ ‘ಹೇಳಕ್ಕಾಗಲ್ಲ’ ನನ್ನ ಜೊತೆಗೇ ಇದೆ, ಇನ್ನು ಮುಂದೆಯೂ ಇರುತ್ತದೆ.

ಓನರಮ್ಮ ಮಂಚದ ಕಂಬಿ ಹಿಡಿದು ಅಳುತ್ತಿದ್ದರು. “ನಿನ್ ನಾಟ್ಕ ಅಂತ ಆ ಎಣ್ಮಗೀನ ಬೈದ್ಬಿಟ್ನಲ್ಲಮ್ಮಾ...”

ಅತ್ತೆಯ ಕಣ್ಣು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿತು. ನನ್ನ ಮೇಲೆ ನಿಂತಿತು. ಎಡಗೈ ಎತ್ತಿ ಕಿವಿಯ ಹತ್ತಿರ ಹಿಡಿದು, ಆಮೇಲೆ ಅಡ್ಡಡ್ಡ ಬೀಸಿದಳು. ಫೋನ್, ಕಟ್. ಅವಳು ಕೇಳುತ್ತಿರುವುದೇನೆಂದು ನನಗೆ ತಿಳಿಯಿತು.

“ಹೂಂ ಅತ್ತಿ. ಎಲ್ಲಾರೂ ಕಟ್ ಮಾಡಿದ್ವಿ. ಎಂಟೂ ಮಂದಿ.”

ವಾಲಿದ ಆ ಬಾಯಿ ನಿಧಾನವಾಗಿ ಅರಳಿತು. ಬಹಳ ಕಷ್ಟಪಟ್ಟು, ಒಡೆದ ದನಿಯಲ್ಲಿ, “ಎಲ್ಲಾರೂ... ಪಾಸ್” ಎಂದಳು.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಓನರಮ್ಮನಿಗೆ ಎರಡಂಕಿಗೂ ಕರುಣೆ ತೋರಿಸದ ಅತ್ತೆ, ಅರ್ಧ ಪಾಸ್ ಎನ್ನುವುದೇ ಇಲ್ಲ ಎಂದಿದ್ದ ಅತ್ತೆ, ನಾವು ಉತ್ತರದ ಅರ್ಧ ಬಿಟ್ಟಿದ್ದೇವೆ ಎಂಬುದು ಅವಳಿಗೆ ಗೊತ್ತಿರಲಿಲ್ಲವೇ? ಬೆಳಗ್ಗೆಯಿಂದ ಆ ಮಂಚದ ಮೇಲೆ ಒಬ್ಬಳೇ ಮಲಗಿದ್ದವಳು ಅವಳೇ ಅಲ್ಲವೇ? ಗೊತ್ತಿದ್ದೂ ಪಾಸು ಮಾಡಿದಳು. ಮಾವ ಬೈಯದೆ ಬಿಟ್ಟದ್ದು ಎಷ್ಟು ಭಾರ ಎಂದು ಅನುಭವಿಸಿದವಳು, ತಾನೂ ನಮ್ಮನ್ನು ಬೈಯದೆ ಹೋದಳು. ಮೂರನೆಯ ದಿನ ತೀರಿಕೊಂಡಳು.

ವಠಾರದಲ್ಲಿ ಈಗ ಹೊಸದೊಂದು ರೂಢಿ ಬಂದಿದೆ. ಯಾರಿಗೆ ಕಳ್ಳ ಕರೆ ಬಂದರೂ ಕಟ್ ಮಾಡಿದ ಕೂಡಲೇ ವಠಾರದ ಫೋನುಗಳೆಲ್ಲ ಬಡಿದುಕೊಳ್ಳುತ್ತವೆ. “ಅಕ್ಕಾ, ಹುಷಾರಾಗಿದೀರಾ?” “ಇಲ್ಲೇ ಇದೀನಿ ಕಣೇ, ಪಾತ್ರೆ ತೊಳೀತಿದೀನಿ.” ಎಲ್ಲೋ ಕೂತ ಯಾವನೋ ವಂಚಕ ದಿನಾ ನಾಗಸಂದ್ರದ ಹೆಂಗಸರ ಯೋಗಕ್ಷೇಮ ವಿಚಾರಿಸುವಂತೆ ಮಾಡುತ್ತಿದ್ದಾನೆ, ಪಾಪ, ಅವನಿಗೇ ಗೊತ್ತಿಲ್ಲ! ಅತ್ತೆ ಕೇಳಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದಳು.

ನಿನ್ನೆ ಮಧ್ಯಾಹ್ನ ನನಗೂ ಒಂದು ಬಂತು. ಯಾವುದೋ ಪಾರ್ಸಲ್ಲು, ಯಾವುದೋ ದಂಡ. ಕಟ್ ಮಾಡಿದೆ. ಆಮೇಲೆ, ಆ ಕಡೆ ಯಾರೂ ಎತ್ತುವುದಿಲ್ಲವೆಂದು ಗೊತ್ತಿದ್ದೂ, ಅತ್ತೆಗೆ ಫೋನ್ ಹಚ್ಚಿದೆ.